ಮೇಜರ್ ಆರಿಸಿಕೊಳ್ಳುವ ಮುನ್ನ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಈ ಸೆಮಿಸ್ಟರ್ ಮುಗಿಯುವುದರೊಳಗೆ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಯಾವುದೆಂದು ಕಾಲೇಜಿಗೆ ತಿಳಿಸಬೇಕು ಎಂದು ನೀನು ಹೇಳಿದೆ. ಪದವಿಯ ನಂತರ ಲಾ ಸ್ಕೂಲಿಗೆ ಹೋಗುವುದೇ ಖಚಿತವಾದರೆ ಇತಿಹಾಸಕ್ಕಿಂತ ರಾಜ್ಯಶಾಸ್ತ್ರವೇ ಕ್ಷೇಮ ಎಂದು ಗೆಳತಿಯರು ಹೇಳುತ್ತಿದ್ದಾರಂತೆ. ಫೋನಿನಲ್ಲಿ ಸಮಾಧಾನವಾಗಿ ಮಾತನಾಡಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ವಕೀಲೆಯಲ್ಲ. ಆದರೆ ವಕೀಲರು ಬರೆದದ್ದನ್ನು ಓದುವುದು, ಅವರು ಉಲ್ಲೇಖಿಸಿದ ತೀರ್ಪುಗಳನ್ನು ಮೂಲದೊಂದಿಗೆ ತಾಳೆ ನೋಡುವುದು ಪ್ಯಾರಾಲೀಗಲ್ ಆಗಿ, ಅಂದರೆ ವಕೀಲರ ಸಹಾಯಕಿಯಾಗಿ, ನನ್ನ ನಿತ್ಯದ ಕೆಲಸ. ಆ ಬಲದ ಮೇಲೆ ಹೇಳುತ್ತೇನೆ: ಇತಿಹಾಸ ಬಿಡಬೇಡ.

ಇಲ್ಲಿ ಅಮೆರಿಕದಲ್ಲಿ ವೈದ್ಯಕೀಯಕ್ಕೆ ಹೋಗುವವರು ರಸಾಯನಶಾಸ್ತ್ರ, ಜೀವಶಾಸ್ತ್ರದ ಕೋರ್ಸುಗಳನ್ನು ಮುಗಿಸಿರಬೇಕಾಗುತ್ತದೆ. ಕಾನೂನಿಗೆ ಅಂಥ ಕಟ್ಟುಪಾಡಿಲ್ಲ. ಇಂಥ ಮೇಜರ್ ಇರಲೇಬೇಕು ಎಂದು ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್ ಎಲ್ಲಿಯೂ ಹೇಳುವುದಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಸೋನಿಯಾ ಸೊಟೊಮೇಯರ್, ಎಲೆನಾ ಕೇಗನ್ ಇಬ್ಬರೂ ಪ್ರಿನ್ಸ್‌ಟನ್ನಿನಲ್ಲಿ ಓದಿದ್ದು ಇತಿಹಾಸ. ಅದೇ ಕೋರ್ಟಿನ ನ್ಯಾಯಪೀಠ ಏರಿದ ಕ್ಲಾರೆನ್ಸ್ ಥಾಮಸ್ ಓದಿದ್ದು ಇಂಗ್ಲಿಷ್ ಸಾಹಿತ್ಯ, ಸ್ಟೀಫನ್ ಬ್ರೇಯರ್ ತತ್ತ್ವಶಾಸ್ತ್ರ, ಹ್ಯಾರಿ ಬ್ಲ್ಯಾಕ್‌ಮನ್ ಗಣಿತ. ರಾಜ್ಯಶಾಸ್ತ್ರವನ್ನು ಪ್ರೀತಿಯಿಂದ ಓದುವವರಿಗೆ ಅದು ಒಳ್ಳೆಯ ವಿಷಯವೇ. ಹೆಸರಿನಲ್ಲೇ ಕಾನೂನಿನ ವಾಸನೆ ಇದೆ ಎಂಬ ಕಾರಣಕ್ಕೆ ಅದನ್ನು ಹಿಡಿಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ನಿಜವಾಗಿ ಮುಂಚಿತವಾಗಿಯೇ ಯೋಚಿಸಬೇಕಾದದ್ದು ಪೇಟೆಂಟ್ ಕ್ಷೇತ್ರದ ಬಗ್ಗೆ. ಆವಿಷ್ಕಾರಗಳ ಪೇಟೆಂಟ್ ಅರ್ಜಿಗಳನ್ನು ಪೇಟೆಂಟ್ ಕಚೇರಿಯ ಮುಂದೆ ನಡೆಸಲು ಸಾಮಾನ್ಯವಾಗಿ ವಿಜ್ಞಾನದ ಅಥವಾ ಎಂಜಿನಿಯರಿಂಗಿನ ಓದು ಬೇಕು. ನಿನಗೆ ಆ ಕಡೆ ಒಲವಿಲ್ಲ ಎಂದು ನನಗೆ ಗೊತ್ತು.

ಕಳೆದ ಸೆಮಿಸ್ಟರಿನಲ್ಲಿ ಭಾರತದಿಂದ ಬಂದಿದ್ದ ಭಗತ್ ಸಿಂಗ್ ಥಿಂಡ್ ಅವರ ಪೌರತ್ವದ ಮೊಕದ್ದಮೆಯ ಬಗ್ಗೆ ನೀನು ಬರೆದ ಪ್ರಬಂಧವನ್ನು ನಾನು ಈಗಲೂ ತೆಗೆದು ಓದುತ್ತೇನೆ. 1922ರ ನವೆಂಬರಿನಲ್ಲಿ ಜಪಾನಿನಿಂದ ಬಂದಿದ್ದ ಟಕಾವೊ ಒಜಾವಾಗೆ ಪೌರತ್ವ ನಿರಾಕರಿಸುವಾಗ, ಪೌರತ್ವದ ಕಾನೂನಿನಲ್ಲಿ ಬರುವ ‘ಬಿಳಿಯ ವ್ಯಕ್ತಿ’ ಎಂದರೆ ಕಕೇಶಿಯನ್ ಜನಾಂಗದವನು ಎಂದು ನ್ಯಾಯಮೂರ್ತಿ ಸದರ್‌ಲ್ಯಾಂಡ್ ಬರೆದರು. ಹಾಗಾದರೆ ಅಂದಿನ ಜನಾಂಗಶಾಸ್ತ್ರದ ಪ್ರಕಾರ ತಾನೂ ಕಕೇಶಿಯನ್ನೇ ಎಂದು ಥಿಂಡ್ ವಾದಿಸಿದಾಗ, ಅದೇ ನ್ಯಾಯಮೂರ್ತಿ ಮೂರು ತಿಂಗಳ ನಂತರ, 1923ರ ಫೆಬ್ರವರಿಯಲ್ಲಿ, ವಿಜ್ಞಾನ ಏನೇ ಹೇಳಲಿ, ಜನಸಾಮಾನ್ಯರ ತಿಳಿವಳಿಕೆಯೇ ಮುಖ್ಯ ಎಂದರು. ಎರಡೂ ತೀರ್ಪುಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಮಾತು ಎಲ್ಲಿ ಬದಲಾಯಿತು ಎಂದು ನೀನು ಬೆರಳಿಟ್ಟು ತೋರಿಸಿದ್ದೆ. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಲು 1946ರವರೆಗೆ ಕಾಯಬೇಕಾಯಿತು ಎಂಬಲ್ಲಿಗೆ ಪ್ರಬಂಧ ಮುಗಿದಿತ್ತು. ಓದಿ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು, ಹೆಮ್ಮೆಯೂ ಆಯಿತು. ಯಾರೂ ಒತ್ತಾಯಿಸದೆ ಎರಡು ತೀರ್ಪುಗಳನ್ನು ಪೂರ್ತಿ ಓದಿದವಳು ನೀನು. ಲಾ ಸ್ಕೂಲಿನ ಮೊದಲ ವರ್ಷದಲ್ಲಿ ಕರಾರು, ಆಸ್ತಿ, ಅಪರಾಧ ಎಂದು ವಿಷಯ ಯಾವುದೇ ಇರಲಿ, ಮಾಡಿಸುವುದು ಬಹುಮಟ್ಟಿಗೆ ಇದನ್ನೇ.

ನಮ್ಮ ಕಚೇರಿಗೆ ಬರುವ ಹೊಸ ವಕೀಲರಲ್ಲಿ ಕಾನೂನು ಗೊತ್ತಿಲ್ಲದವರನ್ನು ನಾನು ಕಂಡಿಲ್ಲ. ತಮಗೆ ಗೊತ್ತಿರುವುದನ್ನು ಎರಡು ಪುಟದಲ್ಲಿ ಸ್ಪಷ್ಟವಾಗಿ ಬರೆಯಲು ತಿಣುಕುವವರನ್ನು ಕಂಡಿದ್ದೇನೆ. ಪ್ರಶ್ನೆ ಯಾವುದು, ಉತ್ತರ ಯಾವುದು, ನಮ್ಮ ವಾದಕ್ಕೆ ವಿರುದ್ಧವಾಗಿ ನಿಲ್ಲುವ ತೀರ್ಪು ಯಾವುದು ಎಂಬುದು ಹುಡುಕಿದರೂ ಸಿಗುವುದಿಲ್ಲ. ಹಿರಿಯರು ಕೆಂಪು ಗುರುತು ಹಾಕಿ ಹಿಂದಿರುಗಿಸಿದರೆ ಮುಖ ಬಾಡಿಸಿಕೊಳ್ಳುತ್ತಾರೆ. ನಿನ್ನ ಪ್ರೊಫೆಸರ್ ಆ ಪ್ರಬಂಧವನ್ನು ಮೂರು ಬಾರಿ ತಿದ್ದಿಸಿದರು ಎಂದು ನೀನು ಗೊಣಗುತ್ತಿದ್ದೆಯಲ್ಲ, ನನಗಂತೂ ಅವರಿಗೆ ಕೈಮುಗಿಯಬೇಕೆನಿಸಿತು. ಹಾಗೆ ತಿದ್ದುವವರು ಯಾವ ವಿಭಾಗದಲ್ಲಿದ್ದಾರೋ ಆ ವಿಭಾಗಕ್ಕೆ ಹೋಗು. ಮುಂದೆ ಶಿಫಾರಸು ಪತ್ರ ಬರೆಯುವಾಗ ನಿನ್ನ ಬಗ್ಗೆ ಹೇಳಲು ಅವರ ಬಳಿ ಏನಾದರೂ ಇರುತ್ತದೆ. ಮುನ್ನೂರು ಜನರ ತರಗತಿಯಲ್ಲಿ ಪಾಠ ಮಾಡಿದವರಿಗೆ ನಿನ್ನ ಹೆಸರೂ ನೆನಪಿರಲಿಕ್ಕಿಲ್ಲ.

ಅಂಕಗಳ ಮಾತು. ಅದು ಮುಖ್ಯವಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಪ್ರತಿ ಲಾ ಸ್ಕೂಲೂ ತನ್ನಲ್ಲಿ ಸೇರಿದವರ ಜಿಪಿಎಯ, ಅಂದರೆ ಕಾಲೇಜಿನ ಸರಾಸರಿ ಅಂಕದ, ಮಧ್ಯಾಂಕವನ್ನು ಪ್ರಕಟಿಸುತ್ತದೆ, ಅದು ಕುಸಿಯದಂತೆ ನೋಡಿಕೊಳ್ಳುತ್ತದೆ. ಪ್ರವೇಶದ ಅರ್ಜಿಗಳನ್ನು ನೋಡಿಕೊಳ್ಳುವ ಲಾ ಸ್ಕೂಲ್ ಅಡ್ಮಿಷನ್ ಕೌನ್ಸಿಲ್ ತನ್ನದೇ ಲೆಕ್ಕದಲ್ಲಿ ಜಿಪಿಎ ತೆಗೆಯುತ್ತದೆ. ಹೈಸ್ಕೂಲಿನಲ್ಲಿದ್ದಾಗ ನೀನು ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿದ ಕೋರ್ಸಿನ ಅಂಕವೂ ಅದರಲ್ಲಿ ಸೇರುತ್ತದೆ. ಹಾಗಾಗಿ ಇಷ್ಟವಿಲ್ಲದ ಕಠಿಣ ಮೇಜರ್ ಹಿಡಿದು ಒದ್ದಾಡುವುದು ಬೇಡ. ಸುಲಭವೆಂದು ಬೇಸರದ ಮೇಜರ್ ಹಿಡಿಯುವುದೂ ಬೇಡ. ಆಸಕ್ತಿಯಿಲ್ಲದ ಕಡೆ ನಿನಗೆ ಬಿ ಬರುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ.

ಲಾ ಸ್ಕೂಲಿನ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್‌ಗಾಗಿ ಮೇಜರ್ ಆರಿಸುವ ಅಗತ್ಯವಂತೂ ಇಲ್ಲ. 2024ರ ಆಗಸ್ಟಿನಿಂದ ಅದರಲ್ಲಿ ಲಾಜಿಕ್ ಗೇಮ್ಸ್ ಎಂಬ ಒಗಟುಗಳ ಭಾಗವೇ ಇಲ್ಲ. ಅಂಕಕ್ಕೆ ಲೆಕ್ಕವಾಗುವುದು ತರ್ಕ ಮತ್ತು ಓದಿ ಅರ್ಥಮಾಡಿಕೊಳ್ಳುವ ಭಾಗಗಳಷ್ಟೇ. ತತ್ತ್ವಶಾಸ್ತ್ರ ವಿಭಾಗದಲ್ಲಿ ತರ್ಕದ ಒಂದು ಕೋರ್ಸ್ ತೆಗೆದುಕೋ, ಸಾಕು. ನನ್ನ ಆಸೆಗಾಗಿ ಇನ್ನೆರಡು ಕೋರ್ಸುಗಳನ್ನು ಸೇರಿಸು: ಸಂಖ್ಯಾಶಾಸ್ತ್ರ, ಲೆಕ್ಕಪತ್ರ. ಕಂಪನಿಯ ಬ್ಯಾಲೆನ್ಸ್ ಶೀಟ್ ಕಂಡರೆ ಬೆವರುವ ವಕೀಲರು ಬೇಕಾದಷ್ಟಿದ್ದಾರೆ.

ಕೊನೆಗೆ ನೀನು ಲಾ ಸ್ಕೂಲಿಗೆ ಹೋಗದೆಯೂ ಇರಬಹುದು. ಇನ್ನೂ ಮೂರು ವರ್ಷದ ಓದು, ಬಹಳ ಮಂದಿಗೆ ದೊಡ್ಡ ಸಾಲ. ಮನಸ್ಸು ಬದಲಾದರೆ ನನಗಾಗಲಿ ನಿನ್ನ ಅಪ್ಪನಿಗಾಗಲಿ ಬೇಸರವಿಲ್ಲ. ಆಗ ಕೈಯಲ್ಲಿರುವ ಪದವಿ ನಿನಗೆ ಇಷ್ಟವಾದದ್ದಾಗಿರಲಿ.

ಈ ವಾರವೇ ಆ ಪ್ರೊಫೆಸರನ್ನು ಕಂಡು ಮಾತನಾಡು. ಕೊನೆಯ ವರ್ಷದ ದೊಡ್ಡ ಪ್ರಬಂಧಕ್ಕೆ ಮಾರ್ಗದರ್ಶನ ಮಾಡುತ್ತಾರೆಯೇ, ಆ ವರ್ಷ ದೀರ್ಘ ರಜೆಯ ಮೇಲೆ ಹೋಗುವ ಯೋಚನೆ ಏನಾದರೂ ಇದೆಯೇ ಎಂದು ಕೇಳಿಕೋ. ಅವರು ಏನೆಂದರು ಎಂದು ಭಾನುವಾರ ಫೋನ್ ಮಾಡಿ ಹೇಳು.

ನಿನ್ನ
ಅಮ್ಮ