ಗೊಂಬೆ ಇರುವ ಬಿಲ್ಲೆಯೆಲ್ಲ ದುಡ್ಡಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಡೊನೇಷ್ಯಾದ ಜಾವಾ ದ್ವೀಪದ ಹಳೆಯ ನಾಣ್ಯಗಳ ಲೇಖನ ಓದಿ ಖುಷಿಯಾಯಿತು. ಆದರೆ ಜೊತೆಗೆ ಹಾಕಿದ ಚಿತ್ರದ ಬಗ್ಗೆ ನನ್ನದೊಂದು ತಕರಾರಿದೆ. ನಡುವೆ ತೂತು, ಅಕ್ಕಪಕ್ಕ ತೊಗಲುಗೊಂಬೆಯಂಥ ಆಕೃತಿಗಳಿರುವ ಆ ದೊಡ್ಡ ತಾಮ್ರದ ಬಿಲ್ಲೆಗೆ ಅಲ್ಲಿ ‘ಗೊಬೊಗ್’ ಎನ್ನುತ್ತಾರೆ. ಅದು ಸಂತೆಯಲ್ಲಿ ಓಡಾಡಿದ ದುಡ್ಡಲ್ಲ, ತಾಯಿತದ ಥರ ಇಟ್ಟುಕೊಳ್ಳುತ್ತಿದ್ದದ್ದು ಎಂದೇ ತಜ್ಞರು ಹೇಳುತ್ತಾರೆ. ನೋಡಲು ಚೆಂದ, ಹಾಗಾಗಿ ಎಲ್ಲರೂ ಅದನ್ನೇ ಅಚ್ಚು ಹಾಕುತ್ತಾರೆ.

ನಿಜವಾದ ದುಡ್ಡು ತೀರಾ ಪುಟ್ಟದು. ಸುಮಾರು ಕ್ರಿ.ಶ. 800ರ ಹೊತ್ತಿಗೆ ಮಧ್ಯ ಜಾವಾದಲ್ಲಿ ಶುರುವಾದ ಬೆಳ್ಳಿಯ ‘ಮಾಸ’ ಎಂಬ ನಾಣ್ಯ ತೂಗುವುದು 2.4 ಗ್ರಾಂ. ಒಂದು ಮುಖದಲ್ಲಿ ತಗ್ಗಾದ ಚೌಕ, ಅದರೊಳಗೆ ನಾಲ್ಕೆಸಳಿನ ಹೂವು. ಇನ್ನೊಂದು ಮುಖದಲ್ಲಿ ‘ಮ’ ಎಂಬ ಒಂದೇ ನಾಗರಿ ಅಕ್ಷರ. ಅಷ್ಟೇ! ರಾಜನ ಮುಖವಿಲ್ಲ, ಹೆಸರೂ ಇಲ್ಲ. ಹೂವನ್ನು ಗಂಧದ ಹೂವು ಎನ್ನುತ್ತಾರೆ. ಗಂಧದ ಮರ ಹೂ ಬಿಟ್ಟಾಗ ಹತ್ತಿರದಿಂದ ನೋಡಿದವರಿಗೆ ಆ ನಾಲ್ಕೆಸಳು ಥಟ್ಟನೆ ಗುರುತು ಸಿಗುತ್ತದೆ ಅಲ್ವಾ?

ಚಿನ್ನದ್ದು ಇನ್ನೂ ಚಿಕ್ಕದು. ಪ್ರಂಬನನ್ ದೇವಾಲಯದ ಹತ್ತಿರದ ವೊನೊಬೊಯೊ ಎಂಬ ಊರಲ್ಲಿ 1990ರಲ್ಲಿ ಮಣ್ಣು ಅಗೆಯುವಾಗ ಇವು ಸಾವಿರಗಟ್ಟಲೆ ಸಿಕ್ಕವು. ಥೇಟ್ ಮೆಕ್ಕೆಜೋಳದ ಕಾಳಿನ ಹಾಗೆ, ಮೇಲೆ ‘ತ’ ಅಕ್ಷರ. ‘ತ’ ಅಂದರೆ ‘ತಹಿಲ್’ ಎಂಬ ತೂಕ, 16 ಮಾಸಕ್ಕೆ ಒಂದು ತಹಿಲ್. ಈ ಮಾಸ ಎಂಬ ತೂಕ ಭಾರತದಿಂದಲೇ ಅಲ್ಲಿಗೆ ಹೋದದ್ದು. ಜಮೀನು ದಾನ ಕೊಟ್ಟಾಗ ಸಾಕ್ಷಿಗೆ ಬಂದವರಿಗೆ ಬಟ್ಟೆಯ ಜೊತೆ ಎಷ್ಟು ಚಿನ್ನ, ಎಷ್ಟು ಬೆಳ್ಳಿ ಕೊಟ್ಟರು ಎಂಬ ಲೆಕ್ಕವೂ ಆ ಕಾಲದ ಶಾಸನಗಳಲ್ಲಿದೆ.

ಹೂವು ಶತಮಾನಗಳುದ್ದಕ್ಕೂ ಉಳಿಯಿತು, ಆದರೆ ಬೆಳ್ಳಿ ನಾಣ್ಯ ತೆಳ್ಳಗಾಗಿ, ಅಗಲವಾಗಿ, ಕೊನೆಗೆ ಬಟ್ಟಲಿನಂತೆ ಬಾಗಿತು. ಆಮೇಲೆ ಚೀನಾದ ತೂತು ಕಾಸುಗಳು ರಾಶಿರಾಶಿ ಬಂದವು. 1300ರ ಸುಮಾರಿಗೆ ಜಾವಾದ ಮಜಪಹಿತ್ ರಾಜ್ಯ ತೆರಿಗೆಗೂ ಅವನ್ನೇ ಒಪ್ಪಿಕೊಂಡಿತು. ಬಾಲಿಯಲ್ಲಿ ಇವತ್ತಿಗೂ ಪೂಜೆಗೆ ಅಂಥ ಕಾಸು ಬೇಕು.

ಆನ್‌ಲೈನ್‌ನಲ್ಲಿ ಗೊಬೊಗ್‌ಗಳನ್ನು ‘ಮಜಪಹಿತ್ ನಾಣ್ಯ’ ಎಂದು ಮಾರುವವರು ಬೇಕಾದಷ್ಟಿದ್ದಾರೆ. ಪತ್ರಿಕೆಯಲ್ಲೂ ಹಾಗೇ ಬಂದರೆ ಓದಿದವರು ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ. ಇನ್ನೊಮ್ಮೆ ಈ ವಿಷಯ ಬರೆದಾಗ ದಯವಿಟ್ಟು ಬೆಳ್ಳಿ ಮಾಸದ ಎರಡೂ ಮುಖ ಹಾಕಿ. ಪಕ್ಕದಲ್ಲಿ ಅಳತೆಗೆ ನಮ್ಮದೊಂದು ರೂಪಾಯಿಯೂ ಇರಲಿ.

– ಒಬ್ಬ ಓದುಗ, ಮೈಸೂರು