ಬ್ರೋರಾ 1982: ಹೊಗೆ ಹುಡುಕುವ ಮೊದಲು

ಪ್ರೀತಿಯ ಗೆಳೆಯ,

ನೀನು ಕಳಿಸಿದ ಲೇಬಲ್ಲಿನ ಫೋಟೊ ನೋಡಿದೆ. ಬ್ರೋರಾ ಅನ್ನೋ ಸ್ಕಾಚ್ ವಿಸ್ಕಿ, 1982ರಲ್ಲಿ ಬಟ್ಟಿ ಇಳಿಸಿದ್ದು, ಶೇ 54 ಮದ್ಯಸಾರ. ‘ಬ್ರೋರಾ ಅಂದರೆ ಹೊಗೆಯ ವಾಸನೆ, ರುಚಿ ಅಂತಾರಲ್ಲ, ಇದರಲ್ಲೂ ಅಷ್ಟೇ ಇರುತ್ತಾ?’ ಅಂತ ಕೇಳಿದ್ದೀಯ. ಇರೋದಿಲ್ಲ ಮಾರಾಯ. ಬಿರಡೆ ತೆಗೆಯುವ ಮೊದಲೇ ಇದು ಗೊತ್ತಿರಲಿ. ಹೊಗೆಗೇ ಕಾದು ಕೂತರೆ ಇದರೊಳಗಿನ ನಿಜವಾದ ಸೊಗಸು ಕೈತಪ್ಪಿ ಹೋಗುತ್ತದೆ.

ಹಳೇ ವಿಸ್ಕಿಯ ಮೇಲೆ ಇಸವಿ ಕಂಡ ಕೂಡಲೇ ನಾವು ವಯಸ್ಸಿನ ಲೆಕ್ಕ ಹಾಕುತ್ತೇವೆ. ವಯಸ್ಸು ಬೆಳೆಯುವುದು ಪೀಪಾಯಿಯಲ್ಲಿ ಮಾತ್ರ, ಗಾಜಿನೊಳಗೆ ಅದು ನಿಂತುಹೋಗುತ್ತದೆ. 1982ರ ಸರಕನ್ನು 2005ರಲ್ಲಿ ಬಾಟಲಿಗೆ ತುಂಬಿದ್ದರೆ ಅದು ಇವತ್ತಿಗೂ 23 ವರ್ಷದ್ದೇ. ಇಸವಿಯಿಂದ ತಿಳಿಯಬೇಕಾದದ್ದು ಬೇರೆ: ಆ ವರ್ಷ ಆ ಭಟ್ಟಿಯಲ್ಲಿ ಏನು ನಡೆಯುತ್ತಿತ್ತು ಎಂಬುದು. ಬ್ರೋರಾ ವಿಷಯದಲ್ಲಂತೂ ಇದೇ ಮುಖ್ಯ.

ಸ್ಕಾಟ್ಲೆಂಡಿನ ಈಶಾನ್ಯ ಕರಾವಳಿಯ ಸದರ್‌ಲ್ಯಾಂಡಿನಲ್ಲಿ ಬ್ರೋರಾ ಅನ್ನೋ ಸಣ್ಣ ಊರಿದೆ. ಅಲ್ಲಿನ ದೊಡ್ಡ ಜಮೀನ್ದಾರ, ಮಾರ್ಕ್ವೆಸ್ ಆಫ್ ಸ್ಟಾಫರ್ಡ್, 1819ರಲ್ಲಿ ಈ ಭಟ್ಟಿಯನ್ನು ಕ್ಲೈನ್‌ಲೀಶ್ ಎಂಬ ಹೆಸರಿನಲ್ಲಿ ಕಟ್ಟಿಸಿದ. ಅದೇ ಕಾಲದಲ್ಲಿ ಅವನ ಎಸ್ಟೇಟು ಒಳನಾಡಿನ ಕಣಿವೆಗಳಿಂದ ಸಾವಿರಾರು ಜನರನ್ನು ಒಕ್ಕಲೆಬ್ಬಿಸಿ, ಆ ನೆಲವನ್ನು ಕುರಿಗಳಿಗೆ ಬಿಟ್ಟು, ಜನರನ್ನು ಕಡಲ ದಂಡೆಗೆ ಅಟ್ಟುತ್ತಿತ್ತು. ಹಾಗೆ ಬಂದವರು ಬೆಳೆದ ಧಾನ್ಯಕ್ಕೆ ಭಟ್ಟಿಯೇ ಗಿರಾಕಿ, ಉರುವಲಿಗೆ ಊರಿನದೇ ಕಲ್ಲಿದ್ದಲು ಗಣಿ. ಈ ವಿಸ್ಕಿಯನ್ನು ಕೊಂಡಾಡುವವರು ಈ ಸಂಗತಿಯನ್ನು ಬಿಟ್ಟು ಹೇಳಬಾರದು ಎಂದೇ ನನ್ನ ಅಭಿಪ್ರಾಯ.

1967–68ರಲ್ಲಿ ಪಕ್ಕದಲ್ಲೇ, ಬಟ್ಟಿ ಇಳಿಸುವ ಆರು ಹಂಡೆಗಳ ಹೊಸ ಭಟ್ಟಿ ಎದ್ದಿತು. ಕ್ಲೈನ್‌ಲೀಶ್ ಹೆಸರು ಅದಕ್ಕೆ ಹೋಯಿತು, ಎರಡೇ ಹಂಡೆಗಳ ಹಳೆಯದಕ್ಕೆ ಬೀಗ ಬಿತ್ತು. ಆದರೆ ಮಾಲೀಕರಾದ ಡಿಸಿಎಲ್ ಕಂಪನಿಗೆ ಬ್ಲೆಂಡ್‌ಗಳಿಗಾಗಿ, ಅಂದರೆ ಹಲವು ವಿಸ್ಕಿ ಬೆರೆಸಿ ಮಾಡುವ ಮಾಲಿಗಾಗಿ, ಹೊಗೆ ಹಿಡಿದ ಮಾಲ್ಟ್ ವಿಸ್ಕಿ ಸಾಲುತ್ತಿರಲಿಲ್ಲ. ಈ ಕೊರತೆ ತುಂಬಿಸಲು 1969ರಿಂದ ಹಳೇ ಭಟ್ಟಿಗೆ ಮತ್ತೆ ಬೆಂಕಿ ಬಿತ್ತು, ಮುಂದೆ ಅದಕ್ಕೆ ಬ್ರೋರಾ ಎಂಬ ಹೆಸರು ಬಂತು, ಪೀಟ್ (ಜೌಗು ನೆಲದಿಂದ ಅಗೆದು ಉರಿಸುವ ಕೊಳೆತ ಸಸ್ಯದ ಮಣ್ಣು) ಹೊಗೆಯಲ್ಲಿ ಚೆನ್ನಾಗಿ ಒಣಗಿಸಿದ ಬಾರ್ಲಿ ಬಳಕೆಗೆ ಬಂತು. 1972ರಲ್ಲಿ ಐಲಾ ದ್ವೀಪದಲ್ಲಿದ್ದ ಅವರದೇ ಕಲ್ ಈಲಾ ಭಟ್ಟಿಯನ್ನೂ ಕೆಡವಿ ಹೊಸದಾಗಿ ಕಟ್ಟತೊಡಗಿದರು. ಜನ ಮಾತಾಡುವ ಆ ಹೊಗೆ ಇದ್ದದ್ದು ಮುಖ್ಯವಾಗಿ 1973ರವರೆಗೆ. ಆಮೇಲೆ ಪೀಟ್ ಅಪರೂಪವಾಯಿತು. 1980ರ ಹೊತ್ತಿಗೆ ಉಳಿದದ್ದು ಒಂದು ಎಳೆಯಷ್ಟೇ. ವಿಸ್ಕಿ ಮಾರಾಟ ಕುಸಿದು ದಾಸ್ತಾನು ರಾಶಿ ಬಿದ್ದಾಗ, 1983ರಲ್ಲಿ ಪೋರ್ಟ್ ಎಲೆನ್, ಸೇಂಟ್ ಮ್ಯಾಗ್ಡಲೀನ್, ಡಲ್ಲಾಸ್ ಧು ಜೊತೆಗೆ ಬ್ರೋರಾವೂ ಮುಚ್ಚಿತು. ನಿನ್ನದು ಆ ಕೊನೇ ದಿನಗಳ ಸರಕು.

ಹಾಗಾದರೆ ಇದರಲ್ಲಿ ಹುಡುಕಬೇಕಾದದ್ದೇನು? ಮೇಣ. ಆರಿಸಿದ ಮೇಣದಬತ್ತಿಯ ವಾಸನೆ, ನಾಲಿಗೆ ಮೇಲೆ ತೆಳುವಾಗಿ ಕೂರುವ ಜಿಡ್ಡು. ಕ್ಲೈನ್‌ಲೀಶಿನಲ್ಲೂ ಇದೇ ಗುಣವಿದೆ, ಕಾರಣವೂ ಸ್ವಾರಸ್ಯದ್ದು. ಬಟ್ಟಿ ಇಳಿಸುವಾಗ ಮೊದಲ ಮತ್ತು ಕೊನೆಯ ಪಾಲನ್ನು ಬೇರೆ ತೊಟ್ಟಿಗೆ ಬಿಟ್ಟು ಮತ್ತೆ ಹಂಡೆಗೆ ಹಾಕುತ್ತಾರೆ. ಆ ತೊಟ್ಟಿಯೊಳಗೆ ಎಣ್ಣೆಯಂಥ ಮಡ್ಡಿ ಕಟ್ಟುತ್ತಾ ಹೋಗುತ್ತದೆ, ಮೇಣದ ಗುಣ ಬರುವುದೇ ಅದರಿಂದ. ತೊಟ್ಟಿಯನ್ನು ಪೂರ್ತಿ ಉಜ್ಜಿ ತೊಳೆದರೆ ಹೊಸ ಸ್ಪಿರಿಟ್‌ನಲ್ಲಿ ಮೇಣವೇ ಇಲ್ಲ! ಹಳೇ ಬ್ರೋರಾದಲ್ಲಿ ಇನ್ನೊಂದಿತ್ತು: ಆವಿಯನ್ನು ತಣಿಸಲು ತಣ್ಣೀರಿನ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿದ ತಾಮ್ರದ ಸುರುಳಿ ಕೊಳವೆ. ಇದರಲ್ಲಿ ಆವಿಗೆ ತಾಮ್ರದ ಸಂಪರ್ಕ ಕಡಿಮೆ, ಗಂಧಕದ ಅಂಶ ಪೂರ್ತಿ ಕಳೆಯುವುದಿಲ್ಲ, ಸ್ಪಿರಿಟ್ ದಪ್ಪಗೆ ಇಳಿಯುತ್ತದೆ.

ಈಗ ಬಿರಡೆಯ ವಿಚಾರ. ಬಾಟಲಿಯನ್ನು ಮಲಗಿಸಿಟ್ಟಿದ್ದರೆ ಇವತ್ತೇ ನಿಲ್ಲಿಸು. ವೈನಿಗೆ ಅದು ಸರಿ, ಶೇ 54ರ ಮದ್ಯ ಕಾರ್ಕನ್ನು ತಿಂದುಹಾಕುತ್ತದೆ. ತೆಗೆಯುವ ಮುಂಚೆ ಒಂದೆರಡು ಕ್ಷಣ ಬಾಟಲಿ ತಲೆಕೆಳಗು ಮಾಡಿ ಕಾರ್ಕ್ ಒದ್ದೆಯಾಗಲು ಬಿಡು. ಆಮೇಲೆ ಬಿರಡೆಯನ್ನು ಹಿಡಿದುಕೊಂಡು ಬಾಟಲಿಯನ್ನು ನಿಧಾನಕ್ಕೆ ತಿರುಗಿಸು, ನೇರ ಎಳೆಯಬೇಡ. ಅಷ್ಟಾದರೂ ಮುರಿದರೆ ಗಾಬರಿ ಬೇಡ. ಉಳಿದ ತುಂಡಿಗೆ ಸ್ಕ್ರೂ ಓರೆಯಾಗಿ ಇಳಿಸಿ ತೆಗೆ, ಒಳಗೆ ಬಿದ್ದ ಚೂರುಗಳನ್ನು ನುಣ್ಣನೆ ಸ್ಟೀಲ್ ಜರಡಿಯಲ್ಲಿ ಸೋಸು. ಬೇರೆ ವಿಸ್ಕಿ ಬಾಟಲಿಯ ಒಳ್ಳೇ ಬಿರಡೆಯೊಂದನ್ನು ತೊಳೆದು ಒಣಗಿಸಿ ಪಕ್ಕದಲ್ಲಿಟ್ಟುಕೊಂಡಿರು.

ಲೋಟ ಬುಡದಲ್ಲಿ ಅಗಲ, ಬಾಯಿ ಕಿರಿದಾಗಿರಲಿ. ಬೀರುವಿನಲ್ಲಿ ಬಹಳ ದಿನ ಇದ್ದ ಲೋಟಕ್ಕೆ ಮರದ, ಬಟ್ಟೆಯ ವಾಸನೆ ಹಿಡಿದಿರುತ್ತದೆ. ಸೋಪು ಹಾಕದೆ ಬಿಸಿನೀರಲ್ಲಿ ತೊಳೆದು ಆರಿಸು. ಆ ಸಂಜೆ ಕೋಣೆಯಲ್ಲಿ ಊದಿನಕಡ್ಡಿ, ಕರ್ಪೂರ, ಮಲ್ಲಿಗೆ ಯಾವುದೂ ಬೇಡ. ಒಗ್ಗರಣೆ ಘಾಟು ಅಡುಗೆಮನೆಯಿಂದ ಬರುವಂತಿದ್ದರೆ ಇನ್ನೊಂದು ದಿನ ನೋಡು.

25 ಮಿ.ಲೀ. ಸುರಿದು, ಮೇಲೊಂದು ಸಣ್ಣ ತಟ್ಟೆ ಮುಚ್ಚಿ ಹದಿನೈದು ನಿಮಿಷ ಬಿಡು. ಹಳೇ ಬಾಟಲಿಯಲ್ಲಿ ಮೊದಲು ಏಳುವ ಮುಗ್ಗಲು ವಾಸನೆ ಇಷ್ಟರಲ್ಲಿ ಎಷ್ಟೋ ಸಲ ಹೋಗಿಬಿಡುತ್ತದೆ. ಮೂಗನ್ನು ಲೋಟದೊಳಗೆ ತೂರಿಸಿ ಜೋರಾಗಿ ಎಳೆದರೆ ಮದ್ಯಸಾರದ ಉರಿಗೆ ಮೂಗು ಮರಗಟ್ಟುತ್ತದೆ. ಬಾಯಿ ಸ್ವಲ್ಪ ತೆರೆದುಕೊಂಡು ದೂರದಿಂದಲೇ ಶುರುಮಾಡು. ಮೊದಲ ಗುಟುಕು ನಾಲಿಗೆಯನ್ನು ಹದಕ್ಕೆ ತರಲು ಮಾತ್ರ, ತೀರ್ಪು ಎರಡನೆಯದರಿಂದ.

ನೀರಿನಲ್ಲಿ ಅವಸರ ಬೇಡ. ಇಂಕ್ ಫಿಲ್ಲರಿನ ಇಪ್ಪತ್ತು ಹನಿ ಹೆಚ್ಚೂಕಮ್ಮಿ 1 ಮಿ.ಲೀ. 25 ಮಿ.ಲೀ.ಗೆ 2 ಮಿ.ಲೀ. ಸೇರಿದರೆ ಶೇ 50ಕ್ಕೆ ಇಳಿಯುತ್ತದೆ, 4 ದಾಟಿದರೆ ಶೇ 46ರ ಹತ್ತಿರ. ನಾಲ್ಕೈದು ಹನಿ ಹಾಕಿ, ಮೂಸಿ, ಆಮೇಲೆ ಮತ್ತೆ ಹಾಕು. ಓಕ್‌ನಲ್ಲಿ ದಶಕಗಟ್ಟಲೆ ಇದ್ದ ವಿಸ್ಕಿಗೆ ನೀರು ಜಾಸ್ತಿಯಾದರೆ ಹಣ್ಣಿನ ಪರಿಮಳ ಅಡಗಿ ಮರದ ಒಗರು ಎದ್ದುಬರುತ್ತದೆ, ಅದನ್ನು ಮತ್ತೆ ಸರಿಮಾಡಲಾಗದು. ಬೋರ್‌ವೆಲ್ ಗಡಸು ನೀರಿಗಿಂತ ಫಿಲ್ಟರ್ ನೀರು ವಾಸಿ. ಬಾಟಲಿಗೆ ತುಂಬುವ ಮುಂಚೆ ತಣ್ಣಗೆ ಮಾಡಿ ಸೋಸದ ವಿಸ್ಕಿಯಾದರೆ ನೀರಿಗೆ ತುಸು ಮಬ್ಬಾಗಬಹುದು. ಅದು ಕೆಟ್ಟದ್ದಲ್ಲ, ಎಣ್ಣೆಯ ಗುಣದ, ಉದ್ದ ಸರಪಳಿಯ ಎಸ್ಟರ್ ಎಂಬ ಸಂಯುಕ್ತಗಳು ಹೊರಬೀಳುವುದು. ಐಸ್ ಬೇಡವೇ ಬೇಡ. ತಣ್ಣಗಾದರೆ ಮೇಣವೂ ಗೊತ್ತಾಗದು, ಆ ಒಂದೆಳೆ ಹೊಗೆಯೂ ಸಿಗದು.

ನಮ್ಮ ಬೆಂಗಳೂರಿನ ಅಮೃತ್ ವಿಸ್ಕಿಯವರು ಇಷ್ಟು ವರ್ಷ ಪೀಪಾಯಿಯಲ್ಲಿ ಯಾಕೆ ಇಡುವುದಿಲ್ಲ ಎಂದೂ ನೀನು ಕೇಳಿದ್ದೀಯ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ಆವಿಯಾಗುವುದು ವರ್ಷಕ್ಕೆ ಸುಮಾರು ಶೇ 2. ಆ ಲೆಕ್ಕದಲ್ಲಿ 30 ವರ್ಷಕ್ಕೂ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಬೆಂಗಳೂರಿನ ಒಣ ಹವೆಯಲ್ಲಿ ಇದು ಶೇ 10 ದಾಟುತ್ತದೆ, ಏಳೇ ವರ್ಷಕ್ಕೆ ಅರ್ಧ ಖಾಲಿ. ಹಾಗಾಗಿ ಅಲ್ಲಿನ ವಯಸ್ಸನ್ನು ಇಲ್ಲಿನದಕ್ಕೆ ಹೋಲಿಸಿ ಬೆಲೆ ಕಟ್ಟಬೇಡ.

ಬ್ರೋರಾ 2021ರ ಮೇ ತಿಂಗಳಲ್ಲಿ ಮತ್ತೆ ಶುರುವಾಗಿದೆ. ಅವೇ ಎರಡು ಹಂಡೆಗಳನ್ನು ರಿಪೇರಿ ಮಾಡಿಸಿ, ಹಂಡೆಮನೆಯನ್ನು ಹಳೇ ಕಲ್ಲುಗಳಿಂದಲೇ ಮರಳಿ ಕಟ್ಟಿದ್ದಾರೆ. ಆದರೆ 1982ರದ್ದು ಇನ್ನು ಯಾರಿಂದಲೂ ಮಾಡಲಾಗದು. ಆದ್ದರಿಂದ ಬಾಟಲಿ ಅರ್ಧಕ್ಕೆ ಇಳಿದ ಮೇಲೆ ಹಾಗೇ ಇಡಬೇಡ, ಒಳಗಿನ ಗಾಳಿ ಪರಿಮಳವನ್ನು ಸಪ್ಪೆ ಮಾಡುತ್ತದೆ. 100 ಮಿ.ಲೀ.ನ ಗಾಜಿನ ಶೀಶೆಗಳಿಗೆ ಕಂಠಪೂರ್ತಿ ತುಂಬಿ, ಮುಚ್ಚಳ ಬಿಗಿಮಾಡಿ, ಬಿಸಿಲು ತಾಗದ ಕಪಾಟಿನಲ್ಲಿ ನಿಲ್ಲಿಸಿಡು. ಮೊದಲ ಗುಟುಕಿನ ನಂತರ ಮೇಣ ಸಿಕ್ಕಿತೋ ಇಲ್ಲವೋ ಬರೆ.

ನಿನ್ನ ಗೆಳೆಯ