ಪಶುಸಂಗೋಪನಾ ಸಚಿವರಿಗೊಂದು ಪತ್ರ: ಕಾವಲಿನ ಗಡಿಕಲ್ಲು ಹುಡುಕಿಸಿ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಕಡೂರು ಸೀಮೆಯವನು. ಒಂದಿಷ್ಟು ಹೊಲ, ನಾಲ್ಕು ದನ ಇಟ್ಟುಕೊಂಡವನು. ಬೀರೂರಿನಲ್ಲಿ ನಿಮ್ಮ ಇಲಾಖೆ ನಡೆಸುವ ಅಮೃತಮಹಲ್ ಎಂಬ ನಾಡತಳಿಯ ಹೋರಿಕರುಗಳ ಹರಾಜಿಗೆ ಚಿಕ್ಕಂದಿನಿಂದ ಹೋಗುತ್ತಿದ್ದೇನೆ. ಕೊಂಡದ್ದು ಒಂದೇ ಸಲ, ನೋಡಿದ್ದೇ ಜಾಸ್ತಿ. ಕಾವಲಿನಲ್ಲಿ, ಅಂದರೆ ಈ ದನಗಳಿಗೆಂದೇ ಮೀಸಲಿಟ್ಟ ಹುಲ್ಲುಗಾವಲಿನಲ್ಲಿ, ಬೆಳೆದ ಕರುಗಳು, ಮನುಷ್ಯರ ಕೈ ಅಭ್ಯಾಸವಿಲ್ಲ. ಗೋಡೆ ಮೇಲೆ ಕೂತವರು ಕೆಮ್ಮಿದರೂ ಕಿವಿ ನಿಮಿರುತ್ತವೆ, ಬಾಲ ಎತ್ತಿ ಒಂದೇ ನೆಗೆತ. ಹಗ್ಗ ಹಿಡಿದು ಒಳಗೆ ಇಳಿಯುವವರಿಗೆ ಗುಂಡಿಗೆ ಗಟ್ಟಿ ಇರಬೇಕು. ನಾನು ಮನೆಗೆ ತಂದ ಕರು ಒಂದು ತಿಂಗಳು ನನ್ನ ಎದುರಿಗೆ ನೀರು ಮುಟ್ಟಲಿಲ್ಲ. ನಾನು ಮರೆಯಾದ ಮೇಲೆ ಬಾನಿ ಖಾಲಿ.

ಈ ಸೊಕ್ಕು ಬಂದದ್ದು ಹುಲ್ಲುಗಾವಲಿನಿಂದ. ಅದರ ಬಗ್ಗೆಯೇ ಈ ಪತ್ರ.

ಮೈಸೂರು ಅರಸರ ಕಾಲದಲ್ಲಿ ಈ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಅಂತ ಹೆಸರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನ. ಅಮೃತಮಹಲ್ ಅಂತ ಹೆಸರಿಟ್ಟದ್ದು ಟಿಪ್ಪು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಕಣ್ಣು ಈ ಎತ್ತುಗಳ ಮೇಲೂ ಬಿತ್ತು. ತೋಪು, ಸಾಮಾನು ಎಳೆದುಕೊಂಡು ಸೈನ್ಯದ ಜೊತೆ ದಾಪುಗಾಲು ಹಾಕುವ ದನ ಅವರಿಗೆ ಬೇರೆಲ್ಲಿ ಸಿಗಬೇಕು? 1813ರಲ್ಲಿ ಹಿಂಡುಗಳನ್ನು ಸೈನ್ಯದ ಸರಬರಾಜು ವಿಭಾಗದ ಕೈಗೆ ಕೊಟ್ಟರು. ದನದ ಮೇಲಿನ ಮಮತೆಯೇನಲ್ಲ ಬಿಡಿ, ಯುದ್ಧದ ಲೆಕ್ಕ. ಆದರೆ ಲೆಕ್ಕವನ್ನು ಸರಿಯಾಗಿ ಇಟ್ಟರು. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇದ್ದವು. ಕೆರೆಯಂಗಳದ ಹಸಿ ಹುಲ್ಲು, ಮರದ ನೆರಳು ಇದ್ದದ್ದು ಬೇಸಿಗೆಗೆ. ಹುಲ್ಲು ಮುಗಿದಂತೆ ದನ ನೋಡಿಕೊಳ್ಳುವ ಸೇರ್ವೆಗಾರರು ಹಿಂಡು ಹೊಡೆದುಕೊಂಡು ಮುಂದಿನ ಕಾವಲಿಗೆ ಹೋಗುತ್ತಿದ್ದರು.

1860ರಲ್ಲಿ ಅದೇ ಇಂಗ್ಲಿಷ್ ಸರ್ಕಾರಕ್ಕೆ ಖರ್ಚು ಕಣ್ಣಿಗೆ ಬಿತ್ತು. ಹಿಂಡುಗಳನ್ನು ಮಾರಿ ಇಲಾಖೆ ಮುಚ್ಚಿಬಿಟ್ಟರು. ಎತ್ತು ಬೇಕಾದಾಗ ಒಳ್ಳೇವು ಸಿಗಲಿಲ್ಲ. 1866ರಲ್ಲಿ ಮತ್ತೆ ದನ ಕೊಂಡು ಶುರು ಮಾಡಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರಕ್ಕೆ ಬಂತು, 1929ರಲ್ಲಿ ಅಜ್ಜಂಪುರದ ತಳಿ ಕೇಂದ್ರ ಆಯಿತು.

ಅವತ್ತು ಮಾರಿದ್ದು ದನ, ಆರು ವರ್ಷಕ್ಕೆ ವಾಪಸ್ ಕೊಳ್ಳಲಿಕ್ಕಾಯಿತು. ನಾವು ಕೊಡುತ್ತಿರುವುದು ಕಾವಲು. ಚಳ್ಳಕೆರೆ ತಾಲ್ಲೂಕಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಸುಮಾರು 10 ಸಾವಿರ ಎಕರೆ ಹೋಯಿತು. ಕುರಿ ಕಾಯುತ್ತಿದ್ದವರು ಕಾಂಪೌಂಡ್ ಗೋಡೆ ಎದ್ದಾಗ ಹೊರಗೆ ನಿಂತರು. ದೇಶಕ್ಕೆ ವಿಜ್ಞಾನ ಬೇಡ ಅಂತ ಯಾರೂ ಹೇಳುತ್ತಿಲ್ಲ. ಕಾವಲನ್ನು ‘ಖಾಲಿ ಜಾಗ’ ಅಂತ ಕರೆಯುತ್ತಾರಲ್ಲ, ಆ ಮಾತಿಗೆ ನನ್ನ ತಕರಾರು.

ದೊಡ್ಡದೇ ಯಾಕೆ, ಚಿಕ್ಕದೂ ಹೇಳುತ್ತೇನೆ. ನಮ್ಮೂರ ಪಕ್ಕದ ಕಾವಲಿನ ಗಡಿಕಲ್ಲು ಈಗ ಒಬ್ಬರ ಬಚ್ಚಲ ಹಿಂದೆ ಬಟ್ಟೆ ಒಗೆಯುವ ಕಲ್ಲು. ಸೋಪಿನ ನೊರೆ ಸರಿಸಿದರೆ ಕೊರೆದ ಗುರುತು ಇನ್ನೂ ಕಾಣುತ್ತದೆ. ನಕ್ಷೆ ಕೇಳಲು ಒಂದು ಕಚೇರಿಗೆ ಹೋದೆ, ಇನ್ನೊಂದರಲ್ಲಿದೆ ಅಂದರು. ಅಲ್ಲಿಂದ ಮತ್ತೆ ಮೊದಲಿನದಕ್ಕೇ ಕಳಿಸಿದರು. ಬಸ್ ಚಾರ್ಜು ನನ್ನದೇ.

ಇಲಾಖೆಯನ್ನು ಸುಮ್ನೆ ಬೈಯಲು ಬರೆದದ್ದಲ್ಲ. ದನಗಳಿಗೆ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತು ಅಂತ ನಮ್ಮಜ್ಜ ಹೇಳುತ್ತಿದ್ದರು. ಆ ರೋಗದ ವಿರುದ್ಧವೇ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸೀರಮ್ ಸಂಸ್ಥೆ ಶುರುವಾಯಿತು. 2011ರಲ್ಲಿ ದೊಡ್ಡರೋಗ ಲೋಕದಿಂದಲೇ ತೊಲಗಿತು. ಹಿಡಿದ ಕೆಲಸ ಬಿಡದಿದ್ದರೆ ಸರ್ಕಾರದ ಕೈಯಲ್ಲೂ ಆಗುತ್ತದೆ, ಅಲ್ವಾ?

ಹಾಗಾಗಿ ಕೇಳುತ್ತಿದ್ದೇನೆ. ಪ್ರತಿ ತಾಲ್ಲೂಕಿನ ಅಮೃತಮಹಲ್ ಕಾವಲುಗಳ ಸರ್ವೆ ಮಾಡಿಸಿ. ಎಷ್ಟು ಇತ್ತು, ಎಷ್ಟು ಉಳಿದಿದೆ, ಹೋದದ್ದು ಯಾರಿಗೆ ಅಂತ ಪಂಚಾಯಿತಿ ಗೋಡೆ ಮೇಲೆ ಹಾಕಿಸಿ. ಅಷ್ಟಾಗುವವರೆಗೆ ಒಂದು ಗುಂಟೆಯನ್ನೂ ಯಾರಿಗೂ ಮಂಜೂರು ಮಾಡಬೇಡಿ. ದನ ಕಾಯುವ ಕೆಲಸಕ್ಕೆ ಕಾವಲು ಬಲ್ಲ ಮನೆತನದ ಹುಡುಗರನ್ನು ತೆಗೆದುಕೊಳ್ಳಿ. ಯಾವ ಹಸು ಹಾಯುತ್ತದೆ, ಯಾವ ಹುಲ್ಲು ಮೊದಲು ಒಣಗುತ್ತದೆ ಅನ್ನೋದು ಅವರಿಗೆ ಗೊತ್ತು. ಮತ್ತೆ ದಯವಿಟ್ಟು ಈ ಹಸುವನ್ನು ಲೀಟರ್ ಲೆಕ್ಕದಲ್ಲಿ ಅಳೆಯಬೇಡಿ. ಅದು ಕೊಡುವ ಹಾಲು ಕರುವಿಗೇ ಸರಿಹೋಗುತ್ತದೆ.

ಮುಂದಿನ ಹರಾಜಿಗೆ ಬನ್ನಿ ಸ್ವಾಮಿ. ವೇದಿಕೆ ಬೇಡ, ಗೋಡೆ ಮೇಲೆ ನಿಮಗೂ ಒಂದು ಜಾಗ ಹಿಡಿದಿಟ್ಟಿರುತ್ತೇನೆ. ಬಿಳಿ ಪಂಚೆ ಮಾತ್ರ ಬೇಡ, ಧೂಳು ಜಾಸ್ತಿ.

ಇಂತಿ,
ಕಡೂರು ಕಡೆಯ ಒಬ್ಬ ರೈತ